ಊಟದ ಬೆಲ್ಲಿಗೆ ವಾಸಿಯಾಗುತ್ತಿದ್ದ ಹೊಟ್ಟೆನೋವು

ಜೂನ್ ತಿಂಗಳಲ್ಲಿ ಮಕ್ಕಳ ಹೊಟ್ಟೆ ನೋಯುವುದು ನನಗೆ ಹೊಸದಲ್ಲ. ವಿಶಾಖಪಟ್ಟಣದ ಮಧುರವಾಡದ ಒಂದು ಖಾಸಗಿ ಶಾಲೆಯಲ್ಲಿ ನಾನು ಕೌನ್ಸೆಲರ್. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೊದಲ ವಾರ ನನ್ನ ಕೋಣೆಯ ಮುಂದೆ ಹೊಟ್ಟೆನೋವು, ತಲೆನೋವು, ಕಾಲುನೋವುಗಳೆಲ್ಲ ಸಾಲುಗಟ್ಟಿ ನಿಂತಿರುತ್ತವೆ. ತಿಂಗಳು ತುಂಬುವುದರೊಳಗೆ ಬಹುತೇಕ ಎಲ್ಲವೂ ಹೇಳದೆ ಕೇಳದೆ ಹೊರಟುಹೋಗುತ್ತವೆ. ಆದರೆ ಆ ವರ್ಷ ನಾಲ್ಕನೇ ತರಗತಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿಯ ಹೊಟ್ಟೆನೋವು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಿದ್ದಂತೆ ಶುರುವಾಗುವುದು, ಊಟದ ಬೆಲ್ ಹೊಡೆದ ಕೂಡಲೇ ವಾಸಿಯಾಗುವುದು. ಆಮೇಲೆ ಡಬ್ಬಿ ಖಾಲಿ ಮಾಡಿ, ಕೈ ತೊಳೆದು, ತರಗತಿಯವರ ಜೊತೆ ನಗುನಗುತ್ತಾ ಹೋಗುವಳು. ಮಕ್ಕಳ ಡಾಕ್ಟರು ಎರಡು ಸಲ ನೋಡಿ, ಏನೂ ಇಲ್ಲವೆಂದು ಕಳಿಸಿದ್ದರು.

ಅವಳ ಹೆಸರು ಇಲ್ಲಿ ಬೇಡ, ಪುಟ್ಟಿ ಅನ್ನುತ್ತೇನೆ. ತಂದೆ ಧಾರವಾಡದವರು, ಬ್ಯಾಂಕಿನಲ್ಲಿ ಅಧಿಕಾರಿ. ವಿಜಯವಾಡದಿಂದ ಇಲ್ಲಿಗೆ ವರ್ಗವಾಗಿ ಬಂದಿದ್ದರು. ಪುಟ್ಟಿ ಎಲ್‌ಕೆಜಿಯಿಂದ ಮೂರನೆಯ ತರಗತಿಯವರೆಗೆ ಅಲ್ಲಿನ ಭವಾನಿಪುರಂನಲ್ಲಿ ಓದಿದವಳು. ಆ ಶಾಲೆ, ನಮ್ಮ ಶಾಲೆ ಎರಡೂ ಒಂದೇ ಆಡಳಿತ ಮಂಡಳಿಯವು. ಹಾಗಾಗಿ ಟೀಸಿ ಬರೆಸುವ, ಎಲ್ಲರಿಗೂ ಹೇಳಿ ಹೊರಡುವ ಗೊಡವೆಯೇ ಇಲ್ಲದೆ ಅವಳ ಹೆಸರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಬಂದಿತ್ತು.

ಶಾಲೆ ತೆರೆಯುವ ಮುಂಚೆ ಹೊಸ ಮಕ್ಕಳನ್ನು ಅರ್ಧ ದಿನ ಕರೆಸಿ ಶಾಲೆಯೆಲ್ಲ ಸುತ್ತಿಸುವುದು ನಾನೇ ಮಾಡಿಕೊಂಡ ಪದ್ಧತಿ. ನೀರು ಎಲ್ಲಿ, ಶೌಚಾಲಯ ಎಲ್ಲಿ, ದಾರಿ ತಪ್ಪಿದರೆ ಎಲ್ಲಿ ನಿಲ್ಲಬೇಕು, ಅಳು ಬಂದರೆ ಯಾರ ಹತ್ತಿರ ಹೋಗಬೇಕು ಎಂದು ತೋರಿಸುತ್ತೇನೆ. ಗೊತ್ತಿಲ್ಲದ ಜಾಗದ ಭಯ ಅರ್ಧ ಅಲ್ಲೇ ಇಳಿಯುತ್ತದೆ. ಆ ದಿನ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವಳೇ ಪುಟ್ಟಿ. ಲೈಬ್ರರಿಯಲ್ಲಿ ಎಷ್ಟು ಹೊತ್ತು ಕೂರಬಹುದು, ಕೆಳಗೆ ಕೂತು ಓದಬಹುದೇ ಎಂದೆಲ್ಲ ವಿಚಾರಿಸಿದಳು. ಈ ಹುಡುಗಿಯ ಚಿಂತೆ ನನಗಿಲ್ಲ ಅಂದುಕೊಂಡಿದ್ದೆ.

ನಾನು ತುಮಕೂರಿನವಳು, ತೆಲುಗರ ಮನೆ ಸೇರಿ ಈ ಊರಿನವಳಾದವಳು. ಶಾಲೆಯಲ್ಲಿ ಕನ್ನಡದ ಮಗು ಸಿಕ್ಕಿತೆಂದರೆ ನನಗೆ ಹಿಗ್ಗು. ಪುಟ್ಟಿ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ಬಂದಾಗ ಬಾಯ್ತುಂಬ ಕನ್ನಡದಲ್ಲಿ ಮಾತಾಡಿಸಿದೆ. ಅವಳು "ಹ್ಞೂಂ" ಮತ್ತು "ಇಲ್ಲ" ಎಂಬ ಎರಡರಲ್ಲೇ ಮುಗಿಸಿದಳು. ನಿಧಾನ ಉಸಿರಾಟ ಹೇಳಿಕೊಟ್ಟೆ, ಮಾಡಿದಳು. ಮುಖಗಳ ಚಿತ್ರ ಕೊಟ್ಟು ನಿನ್ನ ಮನಸ್ಸು ಇವುಗಳಲ್ಲಿ ಯಾವುದು ಅಂದೆ, ನಗುವ ಮುಖದ ಮೇಲೆ ಬೆರಳಿಟ್ಟು ಮತ್ತೆ ಹೊಟ್ಟೆ ಹಿಡಿದುಕೊಂಡಳು.

ಭಾಷೆಯದೇ ತೊಡಕಿರಬೇಕೆಂದು ನಾನು ತೀರ್ಮಾನಿಸಿಬಿಟ್ಟೆ. ಅದೇ ತರಗತಿಯಲ್ಲಿ ಇನ್ನೊಬ್ಬ ಬ್ಯಾಂಕ್ ನೌಕರರ ಮಗಳಿದ್ದಳು, ಮನೆಯಲ್ಲಿ ಕನ್ನಡ. ಅವಳನ್ನು ಕರೆದು, ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಕಾದಿದ್ದು ಪುಟ್ಟಿಯನ್ನು ಕರೆದುಕೊಂಡು ಹೋಗಿ ನಿನ್ನ ಪಕ್ಕದಲ್ಲೇ ಕೂರಿಸಿಕೋ ಎಂದೆ. ಪಾಪ, ಆ ಹುಡುಗಿ ಬೆಂಚಿನ ಮೇಲೆ ತನ್ನ ನೀರಿನ ಬಾಟಲಿ ಇಟ್ಟು ಜಾಗ ಹಿಡಿದು, ಓಡಿಬಂದು ಕೈ ಹಿಡಿದುಕೊಂಡಳು. ಪುಟ್ಟಿ ತರಗತಿಯ ಬಾಗಿಲವರೆಗೆ ಹೋಗಿ, ಆ ಬಾಟಲಿ ನೋಡಿ, ತಿರುಗಿ ಓಡಿದವಳು ಕಾರಿಡಾರಿನಲ್ಲೇ ವಾಂತಿ ಮಾಡಿಕೊಂಡಳು. ಅಲ್ಲಿಯವರೆಗೆ ಬರೀ ನೋವಿತ್ತು, ನಾನು ಉಪಚಾರ ಮಾಡಿದ ಮೇಲೆ ವಾಂತಿಯೂ ಸೇರಿತು.

ಮರುದಿನವೇ ಅವಳ ತಾಯಿ ಗಂಡನ ಜೊತೆ ನನ್ನ ಕೋಣೆಗೆ ಬಂದರು.

"ಸಾಕ್ರಿ ಮೇಡಂ. ಧಾರವಾಡದಾಗ ನಮ್ಮಕ್ಕ ಟೀಚರ್ ಅದಾಳ. ಅವರ ಸಾಲ್ಯಾಗ ಸೀಟು ಮಾತಾಡೇವಿ. ಈ ತಿಂಗಳ ಮುಗಿಯೂದ್ರಾಗ ಸೇರಿಸಬೇಕಂತ. ಅಲ್ಲಿ ಕನ್ನಡ ಐತಿ, ನಮ್ಮ ಮಂದಿ ಅದಾರ. ಹುಡುಗಿ ಅರಾಮ್ ಇರ್ತಾಳ."

"ನೀವೂ ಹೋಗ್ತೀರಾ?" ಎಂದೆ.

"ನಾ ಹೆಂಗ ಹೋಗ್ಲಿ? ಇವರಿಗೆ ಶುಗರ್ ಐತ್ರಿ. ಹೊರಗಿನ ಊಟ ಆಗಂಗಿಲ್ಲ. ಆಕಿ ಒಬ್ಬಾಕೀನ ಹೋಗಬೇಕು." ಇಷ್ಟು ಹೇಳುವಷ್ಟರಲ್ಲಿ ಅವರ ಸೆರಗು ಕಣ್ಣಿಗೆ ಹೋಯಿತು.

ಎಂಟು ವರ್ಷದ ಮಗುವನ್ನು ತಂದೆತಾಯಿಯಿಂದ ಬಿಡಿಸಿ ಅಷ್ಟು ದೂರ ಕಳಿಸುವುದು ನನಗೆ ಸರಿಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ರೋಗ ಏನೆಂದೇ ತಿಳಿಯದೆ ಊರು ಬದಲಿಸುವುದು ನನ್ನ ಬುದ್ಧಿಗೆ ಒಗ್ಗಲಿಲ್ಲ. ತಿಂಗಳ ಕೊನೆಯವರೆಗೆ ಕಾಯಿರಿ ಎಂದು ಕೇಳಿಕೊಂಡೆ. ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಅಂದಿನಿಂದ ಪುಟ್ಟಿಯನ್ನು ಕೇಳುವುದು ಬಿಟ್ಟು ನೋಡುವುದಕ್ಕೆ ಶುರುಮಾಡಿದೆ. ತರಗತಿ ಶಿಕ್ಷಕಿಯದು ಒಂದೇ ಹಟ. "ಲೆಕ್ಕದ ಭಯ ಮೇಡಂ. ಮೊದಲ ಪೀರಿಯಡ್ ಲೆಕ್ಕ ಅಲ್ವಾ, ಅದಕ್ಕೇ ಈ ನಾಟಕ." ಸರಿ, ನೋಡಿಯೇಬಿಡೋಣ ಎಂದು, ನರ್ಸ್ ಕೋಣೆಯಲ್ಲಿ ಮಲಗಿದ್ದ ಪುಟ್ಟಿಗೆ ಅವತ್ತಿನ ಲೆಕ್ಕಗಳನ್ನೇ ಕೊಟ್ಟೆ. ಹೊಟ್ಟೆನೋವು ಮರೆತು ಎಲ್ಲವನ್ನೂ ಮಾಡಿ, ಇನ್ನೂ ಇದೆಯಾ ಎಂದು ಕೇಳಿದಳು. ಲೆಕ್ಕದ ಭಯವೆಂಬುದು ಅಲ್ಲಿಗೆ ಬಿತ್ತು.

ಒಂದು ದಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕರೆಂಟ್ ಹೋಗಿ, ಊಟದ ನಂತರವೂ ಮಕ್ಕಳು ತರಗತಿಯಲ್ಲೇ ಉಳಿಯಬೇಕಾಯಿತು. ಪುಟ್ಟಿ ಬಾಗಿಲವರೆಗೆ ಹೋದವಳು ಹೊಟ್ಟೆ ಹಿಡಿದುಕೊಂಡು ವಾಪಸ್ ಬಂದಳು. ನನ್ನ ಕಿವಿ ನೆಟ್ಟಗಾಯಿತು. ನೋವಿಗೆ ಬೆಳಿಗ್ಗೆ, ಮಧ್ಯಾಹ್ನ ಎಂಬ ಭೇದವಿಲ್ಲ ಅಂತಾಯಿತು. ಹಾಗಾದರೆ ನೋಯಿಸುವುದು ಆ ಕೋಣೆಯೇ? ಟೈಮ್‌ಟೇಬಲ್ ತೆಗೆದು ನೋಡಿದೆ. ಊಟದ ನಂತರ ನಾಲ್ಕನೇ ತರಗತಿಗೆ ಚಿತ್ರಕಲೆ, ಆಟ, ಲೈಬ್ರರಿ, ಕಂಪ್ಯೂಟರ್. ಎಲ್ಲ ಕಡೆಯೂ ಚಾಪೆ, ಇಲ್ಲವೇ ಸ್ಟೂಲು, ಇಲ್ಲವೇ ಮೈದಾನ. ಇಬ್ಬಿಬ್ಬರು ಕೂರುವ ಬೆಂಚುಗಳಿರುವುದು ತರಗತಿಯಲ್ಲಿ ಮಾತ್ರ. ಆ ಶನಿವಾರ ಶಿಕ್ಷಕಿಯನ್ನು ಕಾಡಿ ಬೇಡಿ ಮೊದಲ ಪೀರಿಯಡ್ಡನ್ನು ಲೈಬ್ರರಿಯ ಚಾಪೆಯ ಮೇಲೆ ಮಾಡಿಸಿದೆ. ಪುಟ್ಟಿ ಬಂದು, ಕೂತು, ಕೈ ಎತ್ತಿ ಉತ್ತರ ಹೇಳಿದಳು. ಶಿಕ್ಷಕಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಬೆಂಚು ಏನು ಮಾಡಿತು ಈ ಮಗುವಿಗೆ? ನಾನು ಆ ಭಾನುವಾರವೆಲ್ಲ ಅದೇ ಯೋಚನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಆ ವರ್ಷದಿಂದ ವಿಜಯವಾಡದ ಶಾಲೆಗೂ ನಾನೇ ಕೌನ್ಸೆಲರ್, ಆಗಾಗ ಹೋಗಿಬರಬೇಕು. ಆ ವಾರದ ಭೇಟಿಯಲ್ಲಿ ಪುಟ್ಟಿಯ ಹಳೆಯ ಸಹಪಾಠಿಗಳಿದ್ದ ನಾಲ್ಕನೇ ತರಗತಿಗೆ ನುಗ್ಗಿದೆ. ನಿಜ ಹೇಳಬೇಕೆಂದರೆ ಬೆಂಚು ನೋಡಲಿಕ್ಕೇ ಹೋದದ್ದು. ಎತ್ತರ ಬೇರೆಯೋ, ಬಣ್ಣ ಬೇರೆಯೋ ಎಂದು ಹುಡುಕುವ ದಡ್ಡತನವೂ ನನ್ನಲ್ಲಿತ್ತು. ಬೆಂಚುಗಳೆಲ್ಲ ನಮ್ಮಲ್ಲಿದ್ದಂಥವೇ. ಆದರೆ ಎರಡನೇ ಸಾಲಿನ ಒಂದು ಬೆಂಚಿನಲ್ಲಿ ಒಬ್ಬಳೇ ಹುಡುಗಿ ಕೂತಿದ್ದಳು, ಪಕ್ಕದ ಜಾಗ ಖಾಲಿ. ಕೊನೆಯ ಬೆಂಚಿನಲ್ಲಿ ಮಾತ್ರ ಮೂವರು ಒತ್ತಿಕೊಂಡು ಕೂತಿದ್ದರು. ತುದಿಯವಳ ಒಂದು ಕಾಲು ಹೊರಗೇ ಇತ್ತು.

"ಇಲ್ಲಿ ಯಾರೂ ಕೂರಲ್ವಾ?" ಎಂದು ಆ ಒಂಟಿ ಹುಡುಗಿಯನ್ನು ತೆಲುಗಿನಲ್ಲಿ ಕೇಳಿದೆ.

"ಅದಿ ಮಾ ಫ್ರೆಂಡ್‌ದಂಡೀ," ಅದು ನನ್ನ ಗೆಳತಿಯ ಜಾಗ, ಎಂದು ಪುಟ್ಟಿಯ ಹೆಸರು ಹೇಳಿದಳು. ದಸರಾ ಆದ ಮೇಲೆ ಬರುತ್ತಾಳೆ, ಅಲ್ಲಿಯವರೆಗೆ ಇಲ್ಲಿ ಯಾರಿಗೂ ಜಾಗವಿಲ್ಲ ಎಂದು ಸೇರಿಸಿದಳು.

ಟೀಚರ್ ಬೈದರೂ ಕೊಡುವುದಿಲ್ಲವೇ ಎಂದೆ. ಅವಳು ನನ್ನ ಸೀರೆಯ ತುದಿ ಎಳೆದು, ಬಗ್ಗಿಸಿ, ಕಿವಿಯಲ್ಲಿ "ಅಮ್ಮ ತೋಡು ವೇಸುಕುನ್ನಾಂ" ಎಂದಳು.

ಇಲ್ಲಿನ ಮಕ್ಕಳಲ್ಲಿ ಅದು ದೊಡ್ಡ ಆಣೆ, ತಾಯಿಯ ಮೇಲಿನ ಆಣೆ. ಒಬ್ಬರ ತಲೆಯ ಮೇಲೆ ಒಬ್ಬರು ಕೈಯಿಟ್ಟು ಹೇಳುತ್ತಾರೆ. ಮುರಿದರೆ ಮುರಿದವರ ತಾಯಿಗೆ ಕೆಡುಕು. ನೀನು ಅಲ್ಲಿ ಬೆಂಚಿನ ಮೇಲೆ ಯಾರ ಪಕ್ಕದಲ್ಲೂ ಕೂರಬಾರದು, ನಾನು ಇಲ್ಲಿ ಯಾರನ್ನೂ ಕೂರಿಸುವುದಿಲ್ಲ ಎಂದು ಇಬ್ಬರೂ ಮಾಡಿಕೊಂಡ ಕರಾರನ್ನು ಅವಳೇ ಬಿಡಿಸಿ ಹೇಳಿದಳು. ಪುಟ್ಟಿಗೆ ಹೊಸ ಶಾಲೆಯ ಭಯವಲ್ಲ. ದಿನಾ ಬೆಳಿಗ್ಗೆ ಆ ಬಾಗಿಲಲ್ಲಿ ಅವಳು ತನ್ನ ತಾಯಿಯ ಜೀವ ಕಾಯುತ್ತಿದ್ದಳು. ಧಾರವಾಡದ ಶಾಲೆಯಲ್ಲೂ ಬೆಂಚುಗಳಿರುತ್ತವೆ, ಅಲ್ಲಿ ಹಿಡಿದು ಸಮಾಧಾನ ಮಾಡಲು ಅದೇ ತಾಯಿ ಇರುವುದಿಲ್ಲ.

ವಾಪಸ್ ಬಂದವಳು ಪುಟ್ಟಿಯನ್ನು ಕೂರಿಸಿಕೊಂಡು, ಈ ಸಲ ತೆಲುಗಿನಲ್ಲೇ ಮಾತು ತೆಗೆದೆ. ಆಣೆಯ ವಿಷಯ ನನಗೆ ಗೊತ್ತು ಎಂದೆ. ಅವಳು ಮೊದಲು ಬಾಗಿಲ ಕಡೆ ನೋಡಿ, ಆಮೇಲೆ ಹೊಳೆ ಹರಿದಂತೆ ಮಾತಾಡಿದಳು. ನಾನು ಕನ್ನಡದವಳಾದ್ದರಿಂದ ಏನು ಹೇಳಿದರೂ ಅಮ್ಮನ ಕಿವಿಗೆ ಹೋಗುತ್ತದೆ, ತನ್ನ ಮೇಲೆ ಆಣೆಯಿದೆಯೆಂದು ತಿಳಿದರೆ ಅಮ್ಮ ಹೆದರುತ್ತಾಳೆ ಎಂದು ಬಾಯಿ ಮುಚ್ಚಿಕೊಂಡಿದ್ದಳಂತೆ. ನನ್ನ ಕನ್ನಡದ ಹಿಗ್ಗು ಮಾಡಿದ ಘನಕಾರ್ಯ ಅದು.

ತಂದೆತಾಯಿಯನ್ನು ಕರೆಸಿ, ದಸರಾಕ್ಕೆ ವಾಪಸ್ ಹೋಗುವ ಮಾತು ಎಲ್ಲಿಂದ ಬಂತು ಎಂದು ಕೇಳಿದೆ. ತಂದೆ ಕನ್ನಡಕ ತೆಗೆದು ಒರೆಸಿದರು.

"ನಮ್ಮ ಬ್ಯಾಂಕಿನಾಗ ಹಂಗ ರೀ. ಆರ್ಡರ್ ಬಂದ ಕೂಡಲೇ ಯಾರೂ ಬಾಯಿ ಬಿಡೂದಿಲ್ಲ. ಕ್ಯಾನ್ಸಲ್ ಮಾಡ್ರಿ ಅಂತ ಮೊದಲ ಅರ್ಜಿ ಹಾಕ್ತೇವಿ. ಹೋಗ್ತೀನಿ ಅಂತ ಊರೆಲ್ಲಾ ಹೇಳಿ, ಕ್ಯಾನ್ಸಲ್ ಆದ್ರ ನಗೆಪಾಟಲು. ನಾನೂ ಹಾಕಿದ್ದೆ. ವಿಜಯವಾಡದ ನಮ್ಮ ಬೆಂಜ್ ಸರ್ಕಲ್ ಬ್ರ್ಯಾಂಚಿನಾಗೂ ಯಾರಿಗೂ ಹೇಳಲಿಲ್ಲ. ಮನ್ಯಾಗೂ ಬಾಯಿ ಬಿಡಬ್ಯಾಡ್ರಿ ಅಂದಿದ್ದೆ. ಆಕಿ ಕೇಳಿದಾಗ, ದಸರಾ ತನಕ ಅಷ್ಟ ಅಂತ ಅಂದೆ."

"ಅರ್ಜಿ ಏನಾಯ್ತು?"

"ಯಾವಾಗೋ ತಿರಸ್ಕಾರ ಆಗೇತ್ರಿ. ಆಕಿಗೆ ಹೆಂಗ ಹೇಳೂದು ತಿಳೀವಲ್ದು."

ಆಣೆಯ ವಿಷಯ ಕೇಳಿ ತಾಯಿ ಮೊದಲು ನಕ್ಕರು. "ಅಯ್ಯ, ಹುಡುಗರ ಆಣಿಗೆ ಏನ್ ಆಗ್ತೈತ್ರಿ?" ಎಂದವರು, ದನಿ ತಗ್ಗಿಸಿ "ಏನೂ ಆಗಂಗಿಲ್ಲಲ್ರಿ?" ಎಂದು ನನ್ನನ್ನೇ ಕೇಳಿದರು. ಆ ಗಾಬರಿಯ ನಡುವೆಯೂ ನಮಗೆ ಮೂವರಿಗೂ ನಗು ಬಂತು.

ಇನ್ನು ಮುಂದಿನ ದಾರಿ. ಆಣೆಗೀಣೆ ಸುಳ್ಳು ಎಂದು ದೊಡ್ಡವರು ಹೇಳಿದರೆ ಮಕ್ಕಳು ನಂಬುವುದಿಲ್ಲ, ನಾನಾದರೂ ಚಿಕ್ಕವಳಿದ್ದಾಗ ನಂಬುತ್ತಿರಲಿಲ್ಲ. ವಿಡಿಯೊ ಕಾಲ್ ಮಾಡಿಸಿ ಬಿಡಿಸಿಬಿಡಿ ಎಂದರು ಪ್ರಿನ್ಸಿಪಾಲರು. ಪುಟ್ಟಿಯನ್ನು ಕೇಳಿದೆ. ತಲೆಯ ಮೇಲೆ ಕೈಯಿಟ್ಟು ಹಾಕಿದ್ದನ್ನು ಫೋನಿನಲ್ಲಿ ಹೇಗೆ ತೆಗೆಯುವುದು ಎಂದು ನನ್ನ ಪೆದ್ದುತನಕ್ಕೆ ಮರುಗಿದಳು. ಉಳಿದದ್ದು ಒಂದೇ ದಾರಿ, ಅವಳನ್ನು ವಿಜಯವಾಡಕ್ಕೆ ಕರೆದುಕೊಂಡು ಹೋಗುವುದು. ಹೊಸ ಶಾಲೆಯಲ್ಲಿ ಬೇರು ಹಿಡಿಯುವವರೆಗೆ ಮಗುವಿಗೆ ಹಳೆಯ ಶಾಲೆ ತೋರಿಸಬೇಡಿ ಎಂದು ಪೋಷಕರ ಸಭೆಯಲ್ಲಿ ವರ್ಷವೂ ಹೇಳುವವಳು ನಾನೇ. ಅಲ್ಲಿ ಹೋಗಿ ಕಂಬ ಹಿಡಿದು ಕೂತರೆ ಏನು ಗತಿ ಎಂದು ಪ್ರಿನ್ಸಿಪಾಲರು ಕೇಳಿದರು. ಆದರೂ ಹೋಗುವುದೇ ಸರಿಯೆಂದು ಹಟ ಹಿಡಿದೆ. ಒಂದೇ ಷರತ್ತು ಹಾಕಿದೆ: ಹೊರಡುವ ಮುಂಚೆ ತಂದೆ ನಿಜ ಹೇಳಬೇಕು.

ಅವರು ನನ್ನ ಕೋಣೆಯಲ್ಲೇ ಹೇಳಿದರು. ಪುಟ್ಟಿ ಅಳಲಿಲ್ಲ, ಕೆಂಡಾಮಂಡಲವಾದಳು. "ಹಂಗಾರ ನಾನೂ ಸುಳ್ಳು ಹೇಳಿದಂಗಾತಲ್ಲ ಪಪ್ಪಾ! ಅಕಿ ಜಾಗಾ ಹಿಡದಾಳ!" ಎಂದು ಅಪ್ಪನ ತೋಳಿಗೆ ಗುದ್ದಿದಳು. ಅವರು ಗುದ್ದಿಸಿಕೊಂಡರು. ನೀವೂ ಬನ್ನಿ ಎಂದು ತಾಯಿಯನ್ನು ಕರೆದೆ. ಮನೆಯಲ್ಲಿ ಕೆಲಸವಿದೆ ಎಂದು ಅವರು ಬರಲಿಲ್ಲ.

ಬೆಳಗಿನ ರೈಲಿನಲ್ಲಿ ಹೊರಟೆವು. ಗೋದಾವರಿ ಸೇತುವೆ ದಾಟುವಾಗ ಎಲ್ಲರೂ ಕಿಟಕಿಗೆ ಮುಗಿಬಿದ್ದರೆ ಪುಟ್ಟಿ ಮಾತ್ರ ಬಾಯಲ್ಲೇ ಏನೋ ಅಭ್ಯಾಸ ಮಾಡುತ್ತಿದ್ದಳು. ಶಾಲೆ ತಲುಪಿದಾಗ ಊಟದ ವಿರಾಮ ಮುಗಿದಿತ್ತು. ಬಾಗಿಲಲ್ಲಿ ಅವಳನ್ನು ಕಂಡ ಕೂಡಲೇ ಆ ಗೆಳತಿ ಕಿರುಚಿಕೊಂಡು ಎದ್ದು, ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದಳು. ಪುಟ್ಟಿ ಹೋಗಿ ಕೂತಳು. ಕಂಬ ಹಿಡಿಯುವುದು ಅಂದರೆ ಇದೇ ಇರಬೇಕು ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಪುಟ್ಟಿ "ನೇನಿಂಕ ರಾನು" ಎಂದಳು. ನಾನಿನ್ನು ಬರುವುದಿಲ್ಲ ಎಂಬ ಅಷ್ಟೇ ಮಾತು.

ಗೆಳತಿ ನಂಬಲಿಲ್ಲ. ನಂಬಿದ ಮೇಲೆ ಮುಖ ಗೋಡೆಗೆ ತಿರುಗಿಸಿದಳು. ನೀನು ಸುಳ್ಳಿ, ಆಣೆ ತೆಗೆಯುವುದಿಲ್ಲ, ಹೋಗು ಎಂದಳು. ಪುಟ್ಟಿಯ ಕೈ ಹೊಟ್ಟೆಗೆ ಹೋಯಿತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ತಂದೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು, ಬೆಂಚಿನ ಪಕ್ಕ ನೆಲದ ಮೇಲೆ ಕೂತರು. ತಮ್ಮ ಧಾರವಾಡದ ರಾಗದ ತೆಲುಗಿನಲ್ಲಿ, "ಸುಳ್ಳು ಹೇಳಿದವನು ನಾನಮ್ಮ. ಅವಳು ನಾನು ಹೇಳಿದ್ದನ್ನೇ ನಿನಗೆ ಹೇಳಿದಳು. ತಪ್ಪು ನಂದು," ಎಂದರು.

ಆ ಹುಡುಗಿ ಅವರನ್ನು ಮೇಲಿಂದ ಕೆಳಗೆ ಪರೀಕ್ಷಿಸಿದಳು. ಆಮೇಲೆ ಪುಟ್ಟಿಯ ಕಡೆ ತಿರುಗಿ, ಅಲ್ಲಿ ಯಾರ ಪಕ್ಕ ಕೂರುತ್ತೀ ಎಂದು ಕೇಳಿದಳು. ಇನ್ನೂ ಗೊತ್ತಿಲ್ಲ ಎಂದಳು ಪುಟ್ಟಿ. ಆ ಉತ್ತರ ಅವಳಿಗೆ ಹಿಡಿಸಿರಬೇಕು. ಪುಟ್ಟಿಯ ತಲೆಯ ಮೇಲೆ ಕೈಯಿಟ್ಟು, ಏನೋ ಗೊಣಗಿ, ಕೈಯನ್ನು ಎತ್ತಿ ಕಿಟಕಿಯಾಚೆ ಕೊಡವಿದಳು. ಪುಟ್ಟಿಯೂ ಹಾಗೇ ಮಾಡಿದಳು. ಎರಡೂ ತಾಯಂದಿರ ಜೀವ ಅಲ್ಲಿಗೆ ಸುರಕ್ಷಿತವಾಯಿತು.

ಇನ್ನು ಹೊರಡಬೇಕು ಎನ್ನುವಾಗ ಪುಟ್ಟಿ ತರಗತಿಯನ್ನೆಲ್ಲ ಒಮ್ಮೆ ನೋಡಿ, ಕೊನೆಯ ಬೆಂಚಿನ ತುದಿಯಲ್ಲಿ ಒಂದು ಕಾಲು ಹೊರಗಿಟ್ಟು ಕೂತಿದ್ದವಳು ಯಾರೆಂದು ಕೇಳಿದಳು. ಈ ವರ್ಷ ಹೊಸದಾಗಿ ಬಂದವಳು ಎಂದರು. ಪುಟ್ಟಿ ನೇರ ಹೋಗಿ, ಅವಳ ಚೀಲ ಎತ್ತಿಕೊಂಡು ಬಂದು ತನ್ನ ಜಾಗದಲ್ಲಿಟ್ಟಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಲು ನನಗೆ ಹೊಳೆದೂ ಇರಲಿಲ್ಲ.

ವಾಪಸ್ ಬರುವ ರೈಲಿನಲ್ಲಿ ಅವಳು ಅಪ್ಪನನ್ನು ಕೇಳಿದಳು. "ಇನ್ನೊಮ್ಮೆ ಆರ್ಡರ್ ಬಂದ್ರ ನನಗ ಮೊದಲ ಹೇಳ್ತೀಯೇನ್?"

"ಹೇಳ್ತೀನವ್ವಾ. ಬಂದ ದಿವಸನ ಹೇಳ್ತೀನಿ."

ಆಣೆ ಮಾಡು ಎನ್ನುತ್ತಾಳೇನೋ ಎಂದು ನಾನು ಕಾದೆ. ಅವಳು ಕೇಳಲಿಲ್ಲ, ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ನಾನು ಕಾರಿಡಾರಿನ ತುದಿಯಲ್ಲಿ ನಿಂತಿದ್ದೆ. ಪುಟ್ಟಿ ಬಾಗಿಲಲ್ಲಿ ನಿಂತಳು, ಬಹಳ ಹೊತ್ತೇ ನಿಂತಳು. ಆಮೇಲೆ ಒಳಗೆ ಹೋಗಿ ಒಂದು ಬೆಂಚಿನ ಬಳಿ ಏನೋ ಕೇಳಿದಳು. ಅಲ್ಲಿದ್ದ ಹುಡುಗಿ ಚೀಲ ಸರಿಸಿದಳು. ಪುಟ್ಟಿ ಕೂತಳು. ಮೊದಲ ಪೀರಿಯಡ್ ಮುಗಿಯಿತು, ಎರಡನೆಯದೂ ಮುಗಿಯಿತು, ನರ್ಸ್ ಕೋಣೆಗೆ ಯಾರೂ ಬರಲಿಲ್ಲ.

ಗೇಟಿನ ಹೊರಗೆ ಅವಳ ತಾಯಿ ಇನ್ನೂ ನಿಂತಿದ್ದರು, ಮನೆಗೆ ಹೋಗಿರಲಿಲ್ಲ. ನಾನು ಹೋಗಿ, ಕೂತಳು ಎಂದೆ.

"ಅಳಲಿಲ್ಲೇನ್ರಿ?"

"ಇಲ್ಲ. ಪಕ್ಕದವಳ ಜೊತೆ ಮಾತಾಡಿ ಆಗಲೇ ಒಂದು ಸಲ ಬೈಸಿಕೊಂಡಿದ್ದಾಳೆ."

ಅವರು ನಕ್ಕರು, ಅಕ್ಕನಿಗೆ ಈಗಲೇ ಫೋನ್ ಮಾಡಿ ಸೀಟು ಬೇಡವೆಂದು ಹೇಳುತ್ತೇನೆ ಎಂದರು. ನಗುತ್ತಲೇ ಅವರ ಕಣ್ಣಲ್ಲಿ ನೀರು ತುಂಬಿಕೊಂಡಿತು. ಖುಷಿಗೆ ಎಂದುಕೊಂಡು ನಾನು ಭುಜ ತಟ್ಟಿದೆ. ಅವರು ತಲೆಯಲ್ಲಾಡಿಸಿದರು.

"ಭವಾನಿಪುರಂದಾಗ ನಮ್ಮ ಪಕ್ಕದ ಮನ್ಯಾಗ ಒಬ್ಬರು ಪಿನ್ನಿಗಾರು ಅದಾರ್ರಿ, ನನಗ ಚಿಗವ್ವ ಇದ್ದಂಗ. ಈಕಿ ಹುಟ್ಟಿದಾಗ ನನಗ ಬಾಣಂತನ ಮಾಡಿದಾಕಿ. ಅರ್ಜಿ ಹಾಕೇವಿ, ಬಾಯಿ ಬಿಡಬ್ಯಾಡ ಅಂದ್ರಲ್ಲ ಇವರು, ಅವರಿಗೂ ಹೇಳಲಿಲ್ಲ. ರಜಾಕ್ಕ ಊರಿಗೆ ಹೊಂಟೇವಿ ಅಂತ ಹೇಳಿ ಕೀಲಿ ಹಾಕ್ಕೊಂಡು ಬಂದೆ. ದಿನಾ ಫೋನ್ ಮಾಡ್ತಾರ. ನಾ ಎತ್ತೂದಿಲ್ಲ."

ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಮೂಗು ಒರೆಸಿಕೊಂಡು ಫೋನ್ ತೆಗೆದರು, ಗೇಟಿನ ನೆರಳಿಗೆ ಸರಿದು ನಂಬರ್ ಒತ್ತಿದರು. ಆ ಕಡೆಯಿಂದ ಎತ್ತಿದ್ದು ನನಗೂ ಕೇಳಿಸಿತು. "ಪಿನ್ನಿಗಾರೂ, ನೇನಂಡೀ" ಎಂದು ತಮ್ಮ ಗುರುತು ಹೇಳಿದವರು ಮುಂದೆ ಮಾತಾಡಲಾಗದೆ ಮಗುವಿನಂತೆ ಬಿಕ್ಕಿ ಅತ್ತರು. ನಾನು ಗೇಟು ಮುಚ್ಚಿಕೊಂಡು ಒಳಗೆ ಬಂದೆ.